ಅಜಥಯೋಪ್ರಿನ್ ಶುರುಮಾಡುವ ಮೊದಲು ನೋಡಬೇಕಾದ ಜೀನ್

ಮನೆಯಲ್ಲಿ ಒಬ್ಬರಿಗೆ ಕ್ರೋನ್ಸ್ ಅಥವಾ ಅಲ್ಸರೇಟಿವ್ ಕೊಲೈಟಿಸ್ ಎಂಬ, ಕರುಳಿನಲ್ಲಿ ದೀರ್ಘಕಾಲ ಉರಿಯೂತ ತರುವ ಕಾಯಿಲೆಯಿದೆ ಎಂದು ಗೊತ್ತಾದ ಕೂಡಲೇ ಎಲ್ಲರೂ ಕೇಳುವುದು, ಈ ಕಾಯಿಲೆ ವಂಶದಲ್ಲಿ ಬಂದದ್ದೇ ಎಂದು. ತಂಗಿಗೆ ಕ್ರೋನ್ಸ್ ಎಂದಾಗ ನಮ್ಮ ಅಮ್ಮನೂ ಅದನ್ನೇ ಕೇಳಿದರು. ಜೀನ್‌ಗಳ ಪಾತ್ರ ಇರುವುದು ನಿಜ; ಆದರೆ ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಕ್ರೋನ್ಸ್ ಬಂದರೂ ಇನ್ನೊಬ್ಬರು ಆರೋಗ್ಯವಾಗಿ ಉಳಿಯುವುದು ಸಾಮಾನ್ಯ, ಅಲ್ಸರೇಟಿವ್ ಕೊಲೈಟಿಸ್‌ನಲ್ಲಂತೂ ಅನುವಂಶೀಯತೆಯ ಪಾಲು ಇನ್ನೂ ಕಡಿಮೆ. ರೋಗಿಗೆ ಇದಕ್ಕಿಂತ ಹೆಚ್ಚು ಉಪಯೋಗವಾಗುವ ಪ್ರಶ್ನೆ ಬೇರೆಯದಿದೆ: ಯಾವ ಔಷಧಿ ಈ ದೇಹಕ್ಕೆ ಆಗಿಬರುತ್ತದೆ, ಯಾವುದು ಆಗಿಬರುವುದಿಲ್ಲ?

2001ರಲ್ಲಿ 16ನೇ ವರ್ಣತಂತುವಿನ ಮೇಲಿರುವ ನಾಡ್2 ಎಂಬ ಜೀನ್‌ಗೂ ಕ್ರೋನ್ಸ್‌ಗೂ ಇರುವ ನಂಟು ಪತ್ತೆಯಾಯಿತು. ಬ್ಯಾಕ್ಟೀರಿಯಾದ ಕೋಶಭಿತ್ತಿಯ ಚೂರನ್ನು ಗುರುತಿಸುವುದು ಈ ಜೀನ್‌ನ ಕೆಲಸ. ಇದರ ಮೂರು ಮುಖ್ಯ ವ್ಯತ್ಯಾಸಗಳನ್ನು ಹೊತ್ತ ಯುರೋಪಿಯನ್ನರಲ್ಲಿ ಕಾಯಿಲೆ ಸಣ್ಣ ಕರುಳಿನ ಕೊನೆಯ ಭಾಗವನ್ನು ಹಿಡಿಯುವುದೂ, ಅಲ್ಲಿ ಕರುಳು ಕಿರಿದಾಗಿ ಶಸ್ತ್ರಚಿಕಿತ್ಸೆಯವರೆಗೆ ಹೋಗುವುದೂ ಹೆಚ್ಚು. ಭಾರತೀಯ ರೋಗಿಗಳಲ್ಲಿ ಆ ಮೂರೂ ತೀರಾ ಅಪರೂಪ. 2012ರ ಹೊತ್ತಿಗೆ ಈ ಎರಡು ಕರುಳಿನ ಕಾಯಿಲೆಗಳಿಗೆ ಒಟ್ಟಾರೆ ನಂಟಿರುವ 163 ಜಾಗಗಳು ಜೀನೋಮಿನಲ್ಲಿ ಸಿಕ್ಕಿದ್ದವು, ಆದರೆ ಒಂದೊಂದರ ಪ್ರಭಾವವೂ ಅತ್ಯಲ್ಪ. 2017ರಲ್ಲಿ ಸೌಮ್ಯ ಕ್ರೋನ್ಸ್ ಇದ್ದವರನ್ನೂ ತೀವ್ರವಾಗಿ ಬಳಲಿದವರನ್ನೂ ಹೋಲಿಸಿದ ಸಂಶೋಧಕರಿಗೆ ಕಂಡದ್ದು ಇನ್ನೂ ವಿಶೇಷ: ಕಾಯಿಲೆ ಮುಂದೆ ಹೇಗೆ ಸಾಗುತ್ತದೆ ಎಂಬುದರೊಂದಿಗೆ ನಂಟಿದ್ದ ಜೀನ್‌ಗಳು, ಕಾಯಿಲೆ ಬರುವುದಕ್ಕೆ ಕಾರಣವಾಗುವ ಜೀನ್‌ಗಳಿಗಿಂತ ಬೇರೆಯಾಗಿದ್ದವು. ಹೀಗಾಗಿ ಕಾಯಿಲೆಯ ಭವಿಷ್ಯ ಹೇಳುತ್ತೇವೆಂದು ಮಾರುವ ಜೀನ್ ಪರೀಕ್ಷೆಗಳಿಗೆ ಸದ್ಯಕ್ಕೆ ದುಡ್ಡು ಹಾಕಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ.

ಔಷಧಿಯ ವಿಷಯ ಹಾಗಲ್ಲ. ತಂಗಿಗೆ ಸ್ಟೀರಾಯ್ಡ್ ಇಳಿಸುತ್ತಾ, ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಅಜಥಯೋಪ್ರಿನ್ ಮಾತ್ರೆ ಶುರುಮಾಡಿದರು. ಮೂರನೆಯ ವಾರದಲ್ಲಿ ಅವಳು ಫೋನ್ ಮಾಡಿ, "ಅಕ್ಕಾ, ಜಡೆ ಹಾಕಲು ಹೋದರೆ ಕೂದಲು ಹಾಗೇ ಕೈಗೆ ಬರ್ತಿದೆ" ಎಂದಳು. ಬಾಚಣಿಗೆಯಲ್ಲಿ ಸಿಕ್ಕುವ ನಾಲ್ಕು ಎಳೆಯಲ್ಲ, ಬುಡಸಮೇತ ಮುಷ್ಟಿ ಮುಷ್ಟಿ. ಆಸ್ಪತ್ರೆಯಲ್ಲಿ ಕೇಳಿದರೆ ಕಾಯಿಲೆಯ ಸುಸ್ತಿಗೆ ಹಾಗಾಗುತ್ತದೆ ಎಂದರು. ಜ್ವರ ಬಂದ ಮೇಲೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ, ನಾಲ್ಕು ಸಾವಿರಕ್ಕಿಂತ ಮೇಲಿರಬೇಕಾದ ಬಿಳಿ ರಕ್ತಕಣಗಳು ಸಾವಿರದ ಆಸುಪಾಸಿಗೆ ಇಳಿದಿದ್ದವು.

ಅಜಥಯೋಪ್ರಿನ್ ದೇಹದೊಳಗೆ ಮರ್ಕಾಪ್ಟೊಪ್ಯೂರಿನ್ ಆಗಿ, ಕೊನೆಗೆ ಥಯೋಗ್ವಾನಿನ್ ನ್ಯೂಕ್ಲಿಯೋಟೈಡ್‌ಗಳಾಗಿ ಬದಲಾಗುತ್ತದೆ. ಇವು ರೋಗನಿರೋಧಕ ಕಣಗಳ ಡಿಎನ್‌ಎಯೊಳಗೆ ಸೇರಿ ಅವುಗಳ ಹೆಚ್ಚಳವನ್ನು ತಡೆಯುತ್ತವೆ. ಮಿತಿ ಮೀರಿದರೆ ಅಸ್ಥಿಮಜ್ಜೆಯೇ ಕುಸಿಯುತ್ತದೆ. ಮಿತಿಯಲ್ಲಿಡುವ ಕಿಣ್ವಗಳಲ್ಲಿ ಒಂದು ಟಿಪಿಎಂಟಿ. ಯುರೋಪಿಯನ್ನರಲ್ಲಿ ಸುಮಾರು 300ಕ್ಕೆ ಒಬ್ಬರಲ್ಲಿ ಅದು ಕೆಲಸವನ್ನೇ ಮಾಡುವುದಿಲ್ಲವಾದ್ದರಿಂದ ಪಾಶ್ಚಾತ್ಯ ಪಠ್ಯಗಳೆಲ್ಲ ಅದರ ಪರೀಕ್ಷೆಯನ್ನೇ ಹೇಳುತ್ತಿದ್ದವು. ತಂಗಿಗೂ ಅದನ್ನು ಮಾಡಿಸಿದ್ದರು, ಫಲಿತಾಂಶ ಸರಿಯಾಗಿಯೇ ಇತ್ತು. ನೋಡದೆ ಬಿಟ್ಟದ್ದು, ಮಿತಿಯಲ್ಲಿಡುವ ಇನ್ನೊಂದು ಕಿಣ್ವವನ್ನು ರೂಪಿಸುವ ನುಡ್ಟ್15 ಎಂಬ ಜೀನನ್ನು. 2014ರಲ್ಲಿ ಕೊರಿಯಾದ ಕ್ರೋನ್ಸ್ ರೋಗಿಗಳಲ್ಲಿ ಇದರ ಪಾತ್ರ ಬೆಳಕಿಗೆ ಬಂತು. ಯುರೋಪಿನಲ್ಲಿ ಅಪರೂಪವಾದ ಇದರ ಆರ್139ಸಿ ಎಂಬ ವ್ಯತ್ಯಾಸ ಪೂರ್ವ ಏಷ್ಯಾದಲ್ಲಿ ಸಾಮಾನ್ಯ. ನಮ್ಮಲ್ಲಿಯೂ ಸರಿಸುಮಾರು ಹತ್ತು ಜನರಲ್ಲಿ ಒಬ್ಬರು ಅದರ ಕನಿಷ್ಠ ಒಂದು ಪ್ರತಿಯನ್ನು ಹೊತ್ತಿರುತ್ತಾರೆ. ಒಂದು ಪ್ರತಿ ಇದ್ದವರಿಗೆ ಕಡಿಮೆ ಪ್ರಮಾಣದಿಂದ ಆರಂಭಿಸಬೇಕು, ಎರಡೂ ಪ್ರತಿ ಇದ್ದವರಿಗೆ ಈ ಕಾಯಿಲೆಗಾಗಿ ಆ ಔಷಧಿಯನ್ನೇ ಕೊಡಬಾರದು. ತಂಗಿಯಲ್ಲಿ ಇದ್ದದ್ದು ಎರಡು. ಆರಂಭದ ವಾರಗಳಲ್ಲೇ ಕೂದಲು ವಿಪರೀತ ಉದುರುವುದು ಇಂಥವರಲ್ಲಿ ಕಾಣುವ ಮುನ್ಸೂಚನೆ. ಒಂದೇ ಸಲ ಮಾಡಿಸಬೇಕಾದ ಒಂದು ರಕ್ತಪರೀಕ್ಷೆಯಿಂದ ತಪ್ಪಿಸಬಹುದಾಗಿದ್ದ ಸಂಕಟ ಇದು ಎಂದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಜೀನ್ ಪರೀಕ್ಷೆ ಸರಿಯಿದೆಯೆಂದು ನಿಶ್ಚಿಂತರಾಗಿ ಕೂರುವಂತೆಯೂ ಇಲ್ಲ. ಬಿಳಿ ರಕ್ತಕಣ ಕುಸಿಯಲು ಬೇರೆ ಕಾರಣಗಳೂ ಇರುವುದರಿಂದ, ಮೊದಲ ತಿಂಗಳುಗಳಲ್ಲಿ ಪದೇ ಪದೇ ರಕ್ತಪರೀಕ್ಷೆ ಬೇಕೇ ಬೇಕು. ಇದೇ ಕಾಯಿಲೆಗಳ ಉರಿಯೂತ ತಗ್ಗಿಸಲು ಕೊಡುವ ಇನ್‌ಫ್ಲಿಕ್ಸಿಮ್ಯಾಬ್, ಅಡಾಲಿಮ್ಯಾಬ್ ಇಂಜೆಕ್ಷನ್‌ಗಳ ವಿಷಯದಲ್ಲೂ ಜೀನ್ ಒಂದಿದೆ: ಎಚ್‌ಎಲ್‌ಎ-ಡಿಕ್ಯೂಎ1*05 ಎಂಬ ವ್ಯತ್ಯಾಸ ಇದ್ದವರ ದೇಹ ಔಷಧಿಯ ವಿರುದ್ಧವೇ ಪ್ರತಿಕಾಯ ಬೆಳೆಸಿಕೊಳ್ಳುವ ಸಾಧ್ಯತೆ ಹೆಚ್ಚೆಂದು 2020ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆದರೆ ಅದರ ಆಧಾರದ ಮೇಲೆ ಚಿಕಿತ್ಸೆ ಬದಲಿಸಬೇಕೇ ಎಂಬ ಬಗ್ಗೆ ವೈದ್ಯರಲ್ಲಿ ಒಮ್ಮತವಿಲ್ಲ.

ತಂಗಿಯಲ್ಲಿದ್ದ ನುಡ್ಟ್15 ವ್ಯತ್ಯಾಸದ ಎರಡು ಪ್ರತಿಗಳಲ್ಲಿ ಒಂದು ಅಪ್ಪನಿಂದ, ಇನ್ನೊಂದು ಅಮ್ಮನಿಂದ ಬಂದಿರುವುದರಿಂದ ನಾನೂ ಪರೀಕ್ಷೆ ಮಾಡಿಸಿಕೊಂಡೆ, ನನ್ನಲ್ಲಿ ಒಂದಿದೆ. ನನಗೆ ಕರುಳಿನ ಕಾಯಿಲೆ ಇಲ್ಲ. ಆದರೂ ಲೂಪಸ್, ಮೂತ್ರಪಿಂಡ ಕಸಿ, ಮಕ್ಕಳ ರಕ್ತದ ಕ್ಯಾನ್ಸರ್ ಮುಂತಾದವಕ್ಕೂ ಇದೇ ಗುಂಪಿನ ಔಷಧಿ ಬಳಸುವುದರಿಂದ, ಆ ವರದಿಯ ಪ್ರತಿಯನ್ನು ಚಿಕ್ಕಪ್ಪ ಮತ್ತು ಸೋದರಮಾವನ ಮನೆಗಳಿಗೂ ಕಳಿಸಿದ್ದೇನೆ.