ಗಜಕರ್ಣದ ಟ್ಯೂಬಿನ ಮೇಲಿನ ಮೂರನೆಯ ಹೆಸರು

ವಿಜಯಪುರದ ಔಷಧಿ ಅಂಗಡಿಯೊಂದರಲ್ಲಿ ನಾನು ಫಾರ್ಮಾಸಿಸ್ಟ್. ಸೆಕೆ ಬಲಿತು ಮೊದಲ ಮಳೆ ಬಿದ್ದರೆ ಸಾಕು, ಗಜಕರ್ಣದವರು ಒಬ್ಬರ ಹಿಂದೊಬ್ಬರು ಬರುತ್ತಾರೆ. ಬಹಳಷ್ಟು ಜನರ ಕೈಯಲ್ಲಿ ವೈದ್ಯರ ಚೀಟಿ ಇರುವುದಿಲ್ಲ, ಹಿಂಡಿ ಚಪ್ಪಟೆಯಾದ ಹಳೆಯ ಟ್ಯೂಬ್ ಇರುತ್ತದೆ. ಅದನ್ನು ತಿರುಗಿಸಿ ಓದದೆ ಇನ್ನೊಂದನ್ನು ಕೊಡಬಾರದು.

ತಿಕೋಟಾ ಕಡೆಯ ದ್ರಾಕ್ಷಿ ತೋಟದ ಹಿರಿಯರೊಬ್ಬರು ತಂದ ಟ್ಯೂಬಿನ ಮೇಲೆ ಸಣ್ಣ ಅಕ್ಷರಗಳಲ್ಲಿ ಮೂರು ಹೆಸರುಗಳಿದ್ದವು. ಒಂದು ಗಜಕರ್ಣ ತರುವ ಶಿಲೀಂಧ್ರಕ್ಕೆ, ಒಂದು ಬ್ಯಾಕ್ಟೀರಿಯಾಕ್ಕೆ. ಮೂರನೆಯದು ಕ್ಲೋಬೆಟಸಾಲ್, ಅತಿ ಪ್ರಬಲವಾದ ಸ್ಟೀರಾಯ್ಡ್. “ಹಚ್ಚಿದ ಎರಡೇ ದಿನಕ್ಕೆ ತುರಿಕೆ ನಿಲ್ಲುತ್ತದೆ ತಮ್ಮಾ, ಬಿಟ್ಟರೆ ಮತ್ತೆ ಏಳುತ್ತದೆ” ಎಂದರು. ತೊಡೆಸಂದಿಯಲ್ಲಿ ಹುಟ್ಟಿದ್ದು ಸೊಂಟ ಸುತ್ತಿತ್ತು. ಗಜಕರ್ಣವನ್ನು ಗುರುತಿಸುವ ಉಬ್ಬಿದ ಕೆಂಪು ಅಂಚು ಮಾಸಿಹೋಗಿತ್ತು, ಚರ್ಮ ತೆಳುವಾಗಿ ಗೆರೆಗಳೆದ್ದಿದ್ದವು. ಸ್ಟೀರಾಯ್ಡ್ ತುರಿಕೆಯನ್ನು ತಣಿಸುವ ಜೊತೆಗೆ ಚರ್ಮದ ಪ್ರತಿರೋಧವನ್ನೂ ತಗ್ಗಿಸುತ್ತದೆ. ಶಿಲೀಂಧ್ರ ಒಳಗೊಳಗೇ ಹರಡುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಹಚ್ಚುವ 14 ಸ್ಟೀರಾಯ್ಡ್‌ಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಿಗಳ ಪಟ್ಟಿಯಾದ ಶೆಡ್ಯೂಲ್ ಎಚ್‌ಗೆ ಸೇರಿಸಿ ನಿಯಮ ಬಿಗಿ ಮಾಡಿತು. ಆದರೂ ಇಂಥ ಟ್ಯೂಬುಗಳು ಕೈಯಿಂದ ಕೈಗೆ ಸಾಗುತ್ತಲೇ ಇವೆ, ಅದು ನನಗೆ ನಿಜಕ್ಕೂ ಸಂಕಟ ತರುತ್ತದೆ.

“ಕಾಕಾ, ಇದನ್ನು ಕೊಡುವುದಿಲ್ಲ, ಚರ್ಮದ ವೈದ್ಯರಿಗೆ ತೋರಿಸಿ” ಎಂದೆ. ಸಿಟ್ಟಾದರು, ಆದರೆ ಹೋದರು. ಮರುದಿನ ಶಿಲೀಂಧ್ರ ಕೊಲ್ಲುವ ಇಟ್ರಾಕೊನಜೋಲ್ ಕ್ಯಾಪ್ಸೂಲಿನ ಚೀಟಿ ತಂದರು. ಬೇರೆ ಯಾವ ಗುಳಿಗೆ ನುಂಗುತ್ತೀರಿ ಎಂದು ಕೇಳಿದಾಗ ಅಂಗಿಯ ಕಿಸೆಯಿಂದ ಎಸಿಡಿಟಿಯ ಪ್ಯಾಂಟೊಪ್ರಜೋಲ್ ಹೊರಬಂತು. ಈ ಕ್ಯಾಪ್ಸೂಲ್ ಕರಗಿ ಮೈಗೆ ಹತ್ತಬೇಕಾದರೆ ಹೊಟ್ಟೆಯಲ್ಲಿ ಆಮ್ಲ ಬೇಕು. ಆಮ್ಲ ತಗ್ಗಿಸುವ ಗುಳಿಗೆ ಜೊತೆಗಿದ್ದರೆ ದುಬಾರಿ ಔಷಧಿಯ ಬಹುಪಾಲು ವ್ಯರ್ಥ. ವೈದ್ಯರಿಗೆ ಫೋನ್ ಮಾಡಿದೆ; ಅವರು ಆ ಗುಳಿಗೆಯನ್ನು ನಿಲ್ಲಿಸಿ, ಕ್ಯಾಪ್ಸೂಲನ್ನು ಊಟವಾದ ಕೂಡಲೇ ನುಂಗಲು ಹೇಳಿದರು. ಹೃದಯ ದುರ್ಬಲವಾಗಿದೆಯೇ, ಕೊಲೆಸ್ಟರಾಲಿನ ಗುಳಿಗೆ ಇದೆಯೇ ಎಂಬುದನ್ನೂ ಇದೇ ಹೊತ್ತಿಗೆ ಕೇಳಬೇಕು. ಕೊಲೆಸ್ಟರಾಲಿನ ಗುಳಿಗೆಯಾದ ಸಿಮ್ವಾಸ್ಟಾಟಿನ್ ಈ ಕ್ಯಾಪ್ಸೂಲಿನ ಜೊತೆ ಸೇರಿದರೆ ಸ್ನಾಯುಗಳಿಗೆ ಅಪಾಯ.

ಹಚ್ಚುವ ಔಷಧಿಯನ್ನು ಕಲೆಯ ಅಂಚಿನಾಚೆಗೂ ಸ್ವಲ್ಪ ಹಚ್ಚಬೇಕು, ವೈದ್ಯರು ಹೇಳಿದ ಅವಧಿಗೆ ಮೊದಲೇ ಕಲೆ ಹೋಯಿತೆಂದು ನಿಲ್ಲಿಸಬಾರದು. ಇದನ್ನು ಕವರಿನ ಮೇಲೆ ಬರೆದುಕೊಟ್ಟೆ. ಹಣ ಎಣಿಸುತ್ತಾ ಅವರು, ಹೆಂಡತಿಗೂ ಮೊಮ್ಮಗನಿಗೂ ತುರಿಕೆ ಇದೆ, ಮನೆಯಲ್ಲಿ ಟವೆಲ್ ಒಂದೇ ಎಂದರು. ಮೂವರೂ ಒಟ್ಟಿಗೆ ತೋರಿಸಿಕೊಳ್ಳದಿದ್ದರೆ ನಿಮಗೆ ಮತ್ತೆ ಅಂಟುತ್ತದೆ ಎಂದು ಹೇಳಿ, ವೈದ್ಯರು ಸಂಜೆ ಸಿಗುವ ಸಮಯವನ್ನೂ ಅದೇ ಕವರಿನ ಮೇಲೆ ಬರೆದೆ.