ಹದಿನೇಳನೇ ಸೆಲ್

ನಾವು ಹೋಗಿದ್ದು ಬಣ್ಣದ ಎಲೆ ನೋಡೋಕೆ. ಅಕ್ಟೋಬರ್ ಬಂತೆಂದರೆ ನ್ಯೂಜೆರ್ಸಿಯಲ್ಲಿರುವ ನಮ್ಮಂಥವರು ಪುಳಿಯೋಗರೆ ಕಟ್ಟಿಕೊಂಡು ಪೆನ್ಸಿಲ್ವೇನಿಯಾದ ಬೆಟ್ಟಗಳ ಕಡೆ ಕಾರು ತಿರುಗಿಸುತ್ತೇವೆ. ಆ ಸಲ ಆರಿಸಿಕೊಂಡಿದ್ದು ಜಿಮ್ ಥಾರ್ಪ್ ಎಂಬ ಊರು. ನದಿ ಪಕ್ಕದ ರೈಲಿನಲ್ಲಿ ಕೂರಬೇಕೆಂದು ಮಗನ ಆಸೆ. ಟಿಕೆಟ್ ಎಲ್ಲ ಖಾಲಿ. ಅವನು ಮುಖ ಊದಿಸಿಕೊಂಡ. ಸರಿ ಅಂತ ಬ್ರಾಡ್‌ವೇ ಎಂಬ ಏರುರಸ್ತೆ ಹಿಡಿದು ಸುಮ್ನೆ ನಡೆದೆವು. ಅಲ್ಲಿ ಸಿಕ್ಕಿತು ಕಾರ್ಬನ್ ಕೌಂಟಿಯ ಹಳೇ ಜೈಲು.

ದಪ್ಪ ಕಲ್ಲಿನ ಗೋಡೆ, ಕೋಟೆಯಂಥ ಮುಂಭಾಗ. ಕೌಂಟಿ ಅಂದರೆ ಹೆಚ್ಚುಕಮ್ಮಿ ನಮ್ಮ ಜಿಲ್ಲೆ. 1870ರ ಆಸುಪಾಸಿನಲ್ಲಿ ಕಟ್ಟಿದ ಜೈಲು, 1995ರ ಜನವರಿಯಲ್ಲಿ ಮುಚ್ಚಿತು. ಈಗ ಟಿಕೆಟ್ ಕೊಟ್ಟು ಒಳಗೆ ಹೋಗಬಹುದು. ಜೈಲಿಗೆ ದುಡ್ಡು ಕೊಟ್ಟು ಹೋಗುವವರು ನಾವೇ ಇರಬೇಕು ಎಂದು ಹೆಂಡತಿ ನಕ್ಕಳು.

ಒಳಗೆ ಹೋದ ಮೇಲೆ ಆ ನಗು ಉಳಿಯಲಿಲ್ಲ. ಸೆಲ್‌ಗಳ ಸಾಲಿನ ನಡುವೆಯೇ ನೇಣುಗಂಬ ನಿಂತಿದೆ. ಮೂಲದ್ದಲ್ಲ, ಹಾಗೇ ಕಾಣುವಂತೆ ಮತ್ತೆ ಮಾಡಿದ್ದು. ನಾಲ್ಕು ಕುಣಿಕೆ, ಒಂದೇ ಸಲಕ್ಕೆ ನಾಲ್ವರಿಗೆ.

1877ರ ಜೂನ್ 21ರಂದು ಇಲ್ಲಿ ಅಲೆಕ್ಸಾಂಡರ್ ಕ್ಯಾಂಪ್‌ಬೆಲ್, ಮೈಕಲ್ ಡೊಯ್ಲ್, ಎಡ್ವರ್ಡ್ ಕೆಲ್ಲಿ, ಜಾನ್ ಡೊನಹ್ಯೂ ಎಂಬ ನಾಲ್ವರನ್ನು ಗಲ್ಲಿಗೇರಿಸಿದರು. ಅದೇ ದಿನ ಪಕ್ಕದ ಕೌಂಟಿಯ ಪಾಟ್ಸ್‌ವಿಲ್‌ನಲ್ಲಿ ಇನ್ನೂ ಆರು ಮಂದಿ. ಎಲ್ಲ ಐರಿಷ್ ಜನ, ಕಲ್ಲಿದ್ದಲು ಗಣಿಗಳ ಸುತ್ತಲಿನವರು. ಮಾಲಿ ಮ್ಯಾಗ್ವೈರ್ಸ್ ಎಂಬ ಗುಪ್ತ ಕೂಟ ಕಟ್ಟಿ ಗಣಿಯ ಅಧಿಕಾರಿಗಳನ್ನೂ ಇತರರನ್ನೂ ಕೊಂದರು ಎಂಬ ಆರೋಪ. ಕೊಲೆಗಳು ನಡೆದದ್ದು ನಿಜ. ಯಾರು ಎಷ್ಟು ತಪ್ಪಿತಸ್ಥರು ಅನ್ನೋದು ಮಾತ್ರ ಇವತ್ತಿಗೂ ಜಗಳದ ವಿಷಯ.

ಹದಿನೇಳನೇ ಸೆಲ್ಲಿನ ಬಾಗಿಲಲ್ಲಿ ಎಲ್ಲರೂ ಗುಂಪಾದೆವು. ಗೋಡೆಯ ಮೇಲ್ಭಾಗದಲ್ಲಿ ಮಸುಕಾದ ಒಂದು ಕಲೆ. ಕೈಯ ಗುರುತು. ಗಲ್ಲಿಗೆ ಹೋಗುವ ಮುಂಚೆ ಒಬ್ಬ ಕೈದಿ ನೆಲದ ಮಣ್ಣಿಗೆ ಅಂಗೈ ಒತ್ತಿ ಗೋಡೆಗೆ ಬಡಿದನಂತೆ. ನಾನು ನಿರಪರಾಧಿ, ಈ ಗುರುತು ಅಳಿಯೋದಿಲ್ಲ ಅಂದನಂತೆ. ಕ್ಯಾಂಪ್‌ಬೆಲ್ ಅಂತ ಕೆಲವರು, ಮರುವರ್ಷ ಇಲ್ಲೇ ಸತ್ತ ಥಾಮಸ್ ಫಿಶರ್ ಅಂತ ಇನ್ನು ಕೆಲವರು. ತೊಳೆದರೂ, ಬಣ್ಣ ಬಳಿದರೂ, ಹೊಸದಾಗಿ ಗಾರೆ ಮೆತ್ತಿದರೂ ಅದು ಮತ್ತೆ ಮೂಡಿತು ಎಂಬುದು ಕತೆ. ನನಗೆ ಅಷ್ಟೇನೂ ನಂಬಿಕೆ ಬರಲಿಲ್ಲ. ಮಗ ಮಾತ್ರ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ರೈಲು ಅವನಿಗೆ ಮರೆತೇ ಹೋಗಿತ್ತು.

ನನ್ನ ತಲೆಯಲ್ಲಿ ಕೂತಿದ್ದು ಬೇರೆಯೇ ವಿಷಯ. ರೈಲು ಮತ್ತು ಕಲ್ಲಿದ್ದಲು ಕಂಪನಿಯ ಅಧ್ಯಕ್ಷ ಫ್ರಾಂಕ್ಲಿನ್ ಗೋವನ್ ಪಿಂಕರ್ಟನ್ ಎಂಬ ಖಾಸಗಿ ಪತ್ತೇದಾರಿ ಸಂಸ್ಥೆಗೆ ದುಡ್ಡು ಕೊಟ್ಟು ಜೇಮ್ಸ್ ಮ್ಯಾಕ್‌ಪಾರ್ಲಂಡ್ ಎಂಬ ಪತ್ತೇದಾರನನ್ನು ಕೂಟದೊಳಗೆ ನುಗ್ಗಿಸಿದ. ಹಿಡಿದವರು ಕಂಪನಿ ಪೊಲೀಸರು. ವಾದ ಮಾಡಿದವರು ಕಂಪನಿಗಳ ವಕೀಲರು. ಪಾಟ್ಸ್‌ವಿಲ್‌ನಲ್ಲಂತೂ ಗೋವನ್ ತಾನೇ ಎದ್ದು ನಿಂತು ವಾದಿಸಿದ. ಎಷ್ಟೋ ವರ್ಷಗಳ ಮೇಲೆ ಇದೇ ಕೌಂಟಿಯ ನ್ಯಾಯಾಧೀಶ ಜಾನ್ ಲವೆಲ್ ಬರೆದರು: ಸರ್ಕಾರ ಕೊಟ್ಟಿದ್ದು ಕೋರ್ಟಿನ ಕೋಣೆ ಮತ್ತು ನೇಣುಗಂಬ, ಅಷ್ಟೇ. ಕೈ ಗುರುತಿಗಿಂತ ಈ ಮಾತು ಜಾಸ್ತಿ ಕಾಡುತ್ತೆ ಅಲ್ವಾ? ಇದೇ ಪ್ರಕರಣದಲ್ಲಿ ಪಾಟ್ಸ್‌ವಿಲ್‌ನಲ್ಲಿ ಗಲ್ಲಿಗೇರಿದ ಜಾನ್ ಕೆಹೋಗೆ 1979ರಲ್ಲಿ ರಾಜ್ಯ ಕ್ಷಮೆ ಕೊಟ್ಟಿತು. ಸತ್ತು ನೂರು ವರ್ಷ ಕಳೆದಿತ್ತು.

ಕೊನೆಗೆ ನೆಲಮಾಳಿಗೆಗೆ ಇಳಿದೆವು. ಒಂಟಿ ಸೆರೆಯ ಕತ್ತಲೆ ಗೂಡುಗಳು. ತಣ್ಣಗಿನ ಗೋಡೆ, ತೇವದ ವಾಸನೆ. ಸ್ವೆಟರ್ ಹಾಕಿದ್ದರೂ ಮೈ ಜುಮ್ಮೆಂದಿತು. ಇವು ತುಂಬಾ ಹಿಂದಿನ ಕಾಲದವು ಅಂದುಕೊಂಡಿದ್ದೆ. 1980ರವರೆಗೂ ಇಲ್ಲಿ ಜನರನ್ನು ಇಡುತ್ತಿದ್ದರಂತೆ. ಆಗ ನಾನು ಹುಟ್ಟಿಯಾಗಿತ್ತು. ಬೆರಳು ಮಡಚಿ ಲೆಕ್ಕ ಹಾಕುತ್ತ ನಿಂತೆ.

"ರೀ, ಸಾಕು, ಮೇಲೆ ಹೋಗೋಣ ಬನ್ನಿ," ಅಂದಳು ಹೆಂಡತಿ. ಮಗ ಆಗಲೇ ಅರ್ಧ ಮೆಟ್ಟಿಲು ಹತ್ತಿದ್ದ.