ಮೇಲಿಂದ ಕೆಳಕ್ಕೆ ಓಡದ ಕೋಡ್

2008ರ ಜೂನ್‌ನಲ್ಲಿ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯ ಕಚೇರಿಯೊಂದರಲ್ಲಿ ಐದು ದಿನಗಳ ಜಾವಾ ತರಬೇತಿ ನಡೆಸಿಕೊಡುವಂತೆ ನನ್ನನ್ನು ಕರೆದಿದ್ದರು. ಜಾವಾ ಹೇಳಿಕೊಡುವುದು ನನಗೆ ಹೊಸದೇನಲ್ಲ. ಆದರೆ ಅಲ್ಲಿಯವರೆಗೆ ನನ್ನ ಎದುರು ಕುಳಿತವರೆಲ್ಲ ಆಗಷ್ಟೇ ಕಾಲೇಜು ಮುಗಿಸಿ ಬಂದವರು, ಹೇಳಿದ್ದನ್ನು ಬರೆದುಕೊಂಡು, ಕೊಟ್ಟ ಪ್ರೋಗ್ರಾಮನ್ನು ಟೈಪ್ ಮಾಡಿ, ಔಟ್‌ಪುಟ್ ಬಂದರೆ ಹಿಗ್ಗುತ್ತಿದ್ದ ಹುಡುಗ ಹುಡುಗಿಯರು. ಈ ಸಲ ಕೊಠಡಿಯಲ್ಲಿದ್ದ ಹದಿನಾಲ್ಕು ಜನರಲ್ಲಿ ಹತ್ತು ವರ್ಷಕ್ಕಿಂತ ಕಡಿಮೆ ಸರ್ವಿಸ್ ಆದವರು ಒಬ್ಬರೂ ಇರಲಿಲ್ಲ. ಐವರು ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರುಗಳ ಮೇಲೆ ಕೋಬಾಲ್ ಭಾಷೆಯಲ್ಲಿ ಬರೆದು ಪಳಗಿದವರು, ಆರು ಜನ ವಿಷುಯಲ್ ಬೇಸಿಕ್ 6ರವರು (ವಿಬಿ6), ಉಳಿದ ಮೂವರು ಸಿ ಭಾಷೆಯವರು. ಮೈಕ್ರೋಸಾಫ್ಟ್ ಅದೇ ಏಪ್ರಿಲ್‌ನಲ್ಲಿ ವಿಬಿ6ರ ಡೆವಲಪ್‌ಮೆಂಟ್ ಸಾಧನಕ್ಕೆ ಬೆಂಬಲ ನಿಲ್ಲಿಸಿತ್ತು. ಶಾಖಾ ಕಚೇರಿಗಳಲ್ಲಿ ಓಡುತ್ತಿದ್ದ ಹಳೆಯ ಲೆಡ್ಜರ್ ಅಪ್ಲಿಕೇಶನ್ನನ್ನು ವಿಂಡೋ, ಬಟನ್ನುಗಳನ್ನು ಕಟ್ಟಿಕೊಡುವ ಜಾವಾದ ಸ್ವಿಂಗ್ ಎಂಬ ಸಾಧನ ಬಳಸಿ ಹೊಸದಾಗಿ ಕಟ್ಟಬೇಕಾಗಿತ್ತು. ನೆಟ್‌ವರ್ಕ್ ಆಗಾಗ ಕೈಕೊಡುವ ಊರುಗಳಾದ್ದರಿಂದ ಬ್ರೌಸರ್ ಬೇಡ, ಡೆಸ್ಕ್‌ಟಾಪ್ ಅಪ್ಲಿಕೇಶನ್ನೇ ಇರಲಿ ಎಂದು ತೀರ್ಮಾನವಾಗಿತ್ತು.

ಮೊದಲ ದಿನ ನಾನು ಎಡವಿದೆ. ಹುಡುಗರಿಗೆಂದು ಮಾಡಿಟ್ಟಿದ್ದ ಸ್ಲೈಡುಗಳನ್ನೇ ತೆರೆದು, ಪ್ರಾಣಿ ಎಂಬುದೊಂದು ಕ್ಲಾಸ್ (ಅಚ್ಚು), ನಾಯಿ ಅದರಿಂದ ಹುಟ್ಟಿದ ಕ್ಲಾಸ್, ಬೆಕ್ಕು ಇನ್ನೊಂದು, ಎರಡಕ್ಕೂ 'ಶಬ್ದ ಮಾಡು' ಎಂಬ ಮೆಥಡ್, ಅಂದರೆ ಅದು ಮಾಡಬಲ್ಲ ಕೆಲಸ, ಉಂಟು ಎಂದು ಶುರು ಮಾಡಿದೆ. ಹದಿನೈದು ನಿಮಿಷ ಯಾರೂ ಮಾತಾಡಲಿಲ್ಲ. ಹಿಂದಿನ ಸಾಲಿನಲ್ಲಿ ಕುಳಿತಿದ್ದ, ಹಾಸನದ ಕಡೆಯ ಕೋಬಾಲ್ ಹಿರಿಯರೊಬ್ಬರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ, "ಮೇಷ್ಟ್ರೇ, ಇಪ್ಪತ್ತೆರಡು ವರ್ಷದಿಂದ ಕೋಡ್ ಬರೀತಿದೀನಿ. ಇವತ್ತಿನ ತನಕ ಯಾವ ಕ್ಲೈಂಟೂ ನಾಯಿ ಬೊಗಳಿಸೋ ಪ್ರೋಗ್ರಾಮ್ ಕೇಳಿಲ್ಲ" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ, ಆದರೆ ಮಧ್ಯಾಹ್ನದ ಹೊತ್ತಿಗೆ ಆ ಮಾತು ಚುಚ್ಚತೊಡಗಿತು. 1960ರ ದಶಕದಲ್ಲಿ ನಾರ್ವೆಯ ಡಾಲ್ ಮತ್ತು ನೈಗಾರ್ಡ್ ಸಿಮ್ಯುಲಾ ಭಾಷೆಯಲ್ಲಿ ಕ್ಲಾಸ್ ಎಂಬ ಕಲ್ಪನೆಯನ್ನು ತಂದದ್ದು ನಿಜಜಗತ್ತಿನ ವ್ಯವಸ್ಥೆಗಳ ನಡೆಯನ್ನು ಕಂಪ್ಯೂಟರಿನಲ್ಲಿ ಅನುಕರಿಸಿ ನೋಡುವುದಕ್ಕೆ. ನಡುವೆ ಎಲ್ಲಿಂದಲೋ ಬಂದು ಸೇರಿಕೊಂಡ ಈ ನಾಯಿ ಬೆಕ್ಕುಗಳನ್ನು ನಾನು ಯೋಚಿಸದೆ ಸಾಕಿಕೊಂಡು ಬಂದಿದ್ದೆ.

ಆ ರಾತ್ರಿ ಸ್ಲೈಡುಗಳನ್ನೆಲ್ಲ ಅಳಿಸಿದೆ. ಮರುದಿನ ಬೆಳಿಗ್ಗೆ ಬೋರ್ಡಿನ ಮೇಲೆ ಕೋಬಾಲ್ ಪ್ರೋಗ್ರಾಮು ತನ್ನ ಲೆಕ್ಕಗಳನ್ನು ಇಟ್ಟುಕೊಳ್ಳುವ ವರ್ಕಿಂಗ್-ಸ್ಟೋರೇಜ್ ವಿಭಾಗವನ್ನೇ ಬರೆದು, ಒಂದು ಪ್ರೋಗ್ರಾಮಿಗೆ ಇದು ಒಂದೇ ಇರುತ್ತದಲ್ಲವೇ, ಇದನ್ನು ಅದರ ಪ್ಯಾರಾಗ್ರಾಫುಗಳ, ಅಂದರೆ ಕೆಲಸ ಮಾಡುವ ಸಾಲುಗಳ ಸಮೇತ ಬೇಕೆಂದಾಗ ಬೇಕಾದಷ್ಟು ಪ್ರತಿ ಮಾಡಿಕೊಳ್ಳಬಹುದು, ಪ್ರತಿಯೊಂದೂ ತನ್ನ ತನ್ನ ಲೆಕ್ಕವನ್ನು ತಾನೇ ಇಟ್ಟುಕೊಳ್ಳುತ್ತದೆ ಎಂದಾದರೆ ಹೇಗಿರುತ್ತದೆ ಎಂದು ಕೇಳಿದೆ. ಒಂದು ಕ್ಲಾಸ್ ಇನ್ನೊಂದರಿಂದ ಗುಣ ಪಡೆಯುವ ಆನುವಂಶಿಕತೆಗೆ ಉದಾಹರಣೆಯಾಗಿ ನಾಯಿಯ ಬದಲು ಸ್ವಿಂಗ್‌ನ ಜೆಬಟನ್ ಎಂಬ ಬಟನ್ ಕ್ಲಾಸನ್ನೇ ತೆಗೆದುಕೊಂಡೆ: ಅದರ ಮೇಲೆ ಅಬ್‌ಸ್ಟ್ರಾಕ್ಟ್‌ಬಟನ್, ಅದರ ಮೇಲೆ ಜೆಕಾಂಪೊನೆಂಟ್, ಆಮೇಲೆ ಕಂಟೇನರ್, ಕಾಂಪೊನೆಂಟ್, ಎಲ್ಲಕ್ಕೂ ಮೇಲೆ ಆಬ್ಜೆಕ್ಟ್. ಇದು ಅವರು ನಾಳೆಯೇ ಕೈಹಾಕಬೇಕಾದ ವಂಶಾವಳಿ. ಎರಡನೇ ದಿನ ಅದರಿಂದ ಬಚಾವಾದೆ. ಬಟನ್ನನ್ನು ಮೌಸಿನಿಂದ ಎಳೆದು ಬೇಕಾದ ಕಡೆ ಇಡುವ ವಿಬಿಯ ಅಭ್ಯಾಸ ಬಿಟ್ಟು, ಜಾಗವನ್ನು ತಾನೇ ನಿರ್ಧರಿಸುವ ಲೇಔಟ್ ಮ್ಯಾನೇಜರಿಗೆ ಒಪ್ಪಿಸಬೇಕೆಂದಾಗ ಒಂದಿಷ್ಟು ಗೊಣಗಾಟವಾಯಿತು. ಗ್ರಿಡ್‌ಬ್ಯಾಗ್ ಲೇಔಟ್ ಕುರಿತ ಆ ಗೊಣಗಾಟದಲ್ಲಿ ನಾನೂ ಮನಸಾರೆ ಭಾಗವಹಿಸಿದೆ.

ನಾನು ಹೇಳಹೊರಟಿರುವುದು ಮೂರನೇ ದಿನದ ಕಥೆ.

ಬೆಳಿಗ್ಗೆ ಎಲ್ಲರಿಗೂ ಒಂದು ಸಣ್ಣ ಅಭ್ಯಾಸ ಕೊಟ್ಟಿದ್ದೆ: ವಿಂಡೋ ಒಂದು, ಅದರೊಳಗೆ ಬಟನ್ ಒಂದು, ಒತ್ತಿದರೆ ಒಂದು ಸಾಲು ಮುದ್ರಣವಾಗಬೇಕು. ಇಂಥದ್ದನ್ನು ಚುಟುಕಾಗಿ ಬರೆಯಲು ಬಿಡುವ ಲ್ಯಾಂಬ್ಡಾ ಜಾವಾಕ್ಕೆ ಬಂದದ್ದು 2014ರಲ್ಲಿ. 2008ರಲ್ಲಿ ಬಟನ್ನಿಗೆ ಕಿವಿ ಕೊಡಬೇಕೆಂದರೆ, ಅಂದರೆ ಒತ್ತಿದ್ದು ಅದಕ್ಕೆ ಕೇಳಿಸಬೇಕೆಂದರೆ, ಹೆಸರಿಲ್ಲದ ಕ್ಲಾಸೊಂದನ್ನು ಅಲ್ಲೇ ಬಿಚ್ಚಿ, ಅದರ ಹೊಟ್ಟೆಯಲ್ಲಿ ಆಕ್ಷನ್‌ಪರ್ಫಾರ್ಮ್ಡ್ ಎಂಬ ಮೆಥಡ್ ಬರೆದು, ಎರಡೆರಡು ಆವರಣಗಳನ್ನು ಮುಚ್ಚಿ ಸೆಮಿಕೋಲನ್ ಹಾಕಬೇಕಿತ್ತು. ಹಾಸನದ ಆ ಕೋಬಾಲ್ ಹಿರಿಯರು ಅಕ್ಷರ ತಪ್ಪದೆ ಬರೆದಿದ್ದರು. ಮೆಥಡ್ಡಿನ ಒಳಗೆ 'ಒಂದು' ಎಂದು ಮುದ್ರಿಸುವ ಸಾಲು, ಅದು ಮುಗಿದ ಮೇಲೆ ಕೆಳಗೆ 'ಎರಡು' ಎಂದು ಮುದ್ರಿಸುವ ಸಾಲು. ಓಡಿಸಿದರೆ ಮೊದಲು ಎರಡು ಬಂತು. ಒಂದು ಬರಲೇ ಇಲ್ಲ. ಅವರು ಮೌಸಿನ ಮೇಲಿಂದ ಕೈ ತೆಗೆದು ಪರದೆಯನ್ನೇ ನೋಡುತ್ತಾ ಕುಳಿತರು. ನಾನು ಹತ್ತಿರ ಹೋದಾಗ, "ಮೇಲಿನ ಸಾಲು ಬಿಟ್ಟು ಕೆಳಗಿನದಕ್ಕೆ ಹೇಗೆ ಹೋಯ್ತು? ಗೋಟು ಎಲ್ಲೂ ಹಾಕಿಲ್ವಲ್ಲ" ಎಂದರು. ಗೋಟು ಎಂದರೆ ಬೇರೆ ಸಾಲಿಗೆ ಜಿಗಿ ಎನ್ನುವ ಆದೇಶ.

ಹೊಸಬರು ಈ ಪ್ರಶ್ನೆ ಕೇಳುವುದಿಲ್ಲ. ಬಟನ್ ಒತ್ತಿದಾಗ ಓಡುತ್ತದೆ ಎಂದರೆ ತಲೆಯಾಡಿಸಿ ಮುಂದೆ ಹೋಗುತ್ತಾರೆ, ಏಕೆಂದರೆ ಕೋಡ್ ಮೇಲಿಂದ ಕೆಳಕ್ಕೆ ಓಡಬೇಕೆಂಬ ನಂಬಿಕೆ ಅವರಲ್ಲಿ ಇನ್ನೂ ಬೇರೂರಿರುವುದಿಲ್ಲ. ಈ ಹಿರಿಯರಿಗೆ ಅದು ಉಸಿರಿನಷ್ಟು ಸಹಜವಾಗಿತ್ತು. ನಾನು ಮತ್ತೆ ನನ್ನ ಹಳೆಯ ಚಾಳಿಗೆ ಇಳಿದು, ದರ್ಶಿನಿಯಲ್ಲಿ ಕ್ಯಾಷಿಯರ್ ಟೋಕನ್ ಕೊಡುತ್ತಾನೆ, ದೋಸೆ ಆದಾಗ ಒಳಗಿನಿಂದ ಕೂಗುತ್ತಾರೆ, ಅಲ್ಲಿಯವರೆಗೆ ನೀವು ಒಲೆಯ ಮುಂದೆ ನಿಲ್ಲುವುದಿಲ್ಲ ಎಂದು ವಿವರಿಸತೊಡಗಿದೆ. ಅವರು ಸೌಜನ್ಯದಿಂದ ಕೇಳಿಸಿಕೊಂಡು, "ದೋಸೆ ಇರಲಿ ಸಾರ್. ಈ ಪ್ರೋಗ್ರಾಮನ್ನ ಕರೆಯೋರು ಯಾರು, ಅಷ್ಟು ಹೇಳಿ" ಎಂದರು.

ಕರೆಯುವವರು ಯಾರು ಎಂಬ ಆ ಮಾತು ಕೇಳಿದ್ದೇ ನನಗೆ ಮೇನ್‌ಫ್ರೇಮಿನಲ್ಲಿ ಪ್ರೋಗ್ರಾಮುಗಳನ್ನು ಓಡಿಸುವ ಸಿಐಸಿಎಸ್ ನೆನಪಾಯಿತು. ನಾನು ಅದರಲ್ಲಿ ಕೆಲಸ ಮಾಡಿದ್ದು ಎಂಟು ತಿಂಗಳು ಮಾತ್ರ, ಆದರೆ ಅಷ್ಟು ಸಾಕಾಯಿತು. ಐಬಿಎಂ 1969ರಲ್ಲಿ ಹೊರತಂದ ಆ ವ್ಯವಸ್ಥೆಯಲ್ಲಿ ಟರ್ಮಿನಲ್ ಮುಂದೆ ಕುಳಿತವರಿಗಾಗಿ ಪ್ರೋಗ್ರಾಮ್ ಸಾಮಾನ್ಯವಾಗಿ ಕಾಯುತ್ತಾ ಕೂರುವುದಿಲ್ಲ. ಪರದೆಯ ನಕ್ಷೆಯನ್ನು ಕಳಿಸಿ, ನೆನಪಿಡಬೇಕಾದ ವಿವರಗಳನ್ನು ಕಮ್‌ಏರಿಯಾ ಎಂಬ ಗಂಟಿನಲ್ಲಿ ಕಟ್ಟಿಟ್ಟು, ತಾನು ಮುಗಿದುಹೋಗುತ್ತದೆ. ಬಳಕೆದಾರರು ಎಂಟರ್ ಅಥವಾ ಬೇರೆ ಕೀಲಿ ಒತ್ತಿದಾಗ ಸಿಐಸಿಎಸ್ ಅದನ್ನು ಮತ್ತೆ ಎಬ್ಬಿಸುತ್ತದೆ. ಎದ್ದ ಪ್ರೋಗ್ರಾಮ್ ಮೊದಲು ನೋಡುವುದೇ, ಈಗ ಒತ್ತಿದ ಕೀಲಿ ಯಾವುದು ಎಂದು. "ಸರ್, ನೀವು ಸೂಡೋ-ಕಾನ್ವರ್ಸೇಶನಲ್ ಬರೆದಿದ್ದೀರಲ್ಲ?" ಎಂದು ಆ ರೀತಿಗಿರುವ ಹೆಸರು ಹಿಡಿದು ಕೇಳಿದೆ. "ಬರೆದಿದ್ದೀನಲ್ಲ ಏನು, ಹದಿನೈದು ವರ್ಷ ಅದೇ ಮಾಡಿದ್ದು." ಅಲ್ಲಿ ಸಿಐಸಿಎಸ್ ಮಾಡುವ ಕೆಲಸವನ್ನು ಇಲ್ಲಿ ಸ್ವಿಂಗ್ ಮಾಡುತ್ತದೆ, ನೀವು ಬರೆದ ಮೆಥಡ್ಡನ್ನು ಕರೆಯುವುದು ಅದೇ ಎಂದೆ. ಅವರು ಒಂದು ಕ್ಷಣ ಸುಮ್ಮನಿದ್ದು ಕೇಳಿದ ಪ್ರಶ್ನೆ ನನ್ನನ್ನು ದಂಗುಬಡಿಸಿತು: "ಹಾಗಾದ್ರೆ ಇಲ್ಲಿ ಕಮ್‌ಏರಿಯಾ ಎಲ್ಲಿದೆ?"

ಆಬ್ಜೆಕ್ಟ್ (ಕ್ಲಾಸ್ ಎಂಬ ಅಚ್ಚಿನಿಂದ ತೆಗೆದ ಪ್ರತಿ) ಎಂದರೇನು ಎಂದು ಎರಡು ದಿನ ನಾನು ಹೇಳಲು ಹೆಣಗಾಡಿದ್ದೆಲ್ಲ ಆ ಪ್ರಶ್ನೆಯ ಉತ್ತರದಲ್ಲಿತ್ತು. ಕಮ್‌ಏರಿಯಾ ಬೇಕಿಲ್ಲ, ಏಕೆಂದರೆ ಇಲ್ಲಿ ಎರಡು ಕರೆಗಳ ನಡುವೆ ಆಬ್ಜೆಕ್ಟ್ ಸಾಯುವುದಿಲ್ಲ. ನೆನಪಿಡಬೇಕಾದದ್ದು ಅದರ ಫೀಲ್ಡುಗಳೆಂಬ ಗೂಡುಗಳಲ್ಲಿ, ಆ ವಿವರಗಳನ್ನು ಬಳಸುವ ಮೆಥಡ್ಡುಗಳ ಪಕ್ಕದಲ್ಲೇ, ಇದ್ದಲ್ಲೇ ಇರುತ್ತದೆ. ಅವರು ನೋಟ್‌ಬುಕ್ಕಿನಲ್ಲಿ ಒಂದೇ ಸಾಲು ಬರೆದುಕೊಂಡರು. ಉಳಿದ ನಾಲ್ವರು ಕೋಬಾಲ್‌ನವರಿಗೆ ನಾನು ಬಾಯಿ ತೆರೆಯುವ ಮುನ್ನ ಅವರೇ ಎದ್ದು ಹೋಗಿ ಹೇಳಿಕೊಟ್ಟರು.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಚಿತ್ರಾನ್ನ ತಿಂದು ಬಂದ ಮೇಲೆ ನಲವತ್ತು ಸಾವಿರ ಸಾಲುಗಳ ಲೆಡ್ಜರ್ ಒಂದನ್ನು ಟೇಬಲ್ಲಿಗೆ ತುಂಬುವ ಪ್ರೋಗ್ರಾಮ್ ತೋರಿಸುವುದಿತ್ತು. ಮೊದಲು ಉದ್ದೇಶಪೂರ್ವಕವಾಗಿಯೇ ಎಲ್ಲ ಕೆಲಸವನ್ನೂ ಬಟನ್ನಿನ ಮೆಥಡ್ಡಿನೊಳಗೆ ಮಾಡಿಸಿದೆ. ಒತ್ತಿದ ಬಟನ್ ಒತ್ತಿದಂತೆಯೇ ಉಳಿಯಿತು. ಪಕ್ಕದ ಪೆಟ್ಟಿಗೆಯಲ್ಲಿ ಮಿನುಗುತ್ತಿದ್ದ ಕರ್ಸರ್ ನಿಂತುಹೋಯಿತು. ವಿಂಡೋವನ್ನು ತಲೆಪಟ್ಟಿ ಹಿಡಿದು ಎಳೆದರೆ ಎಲ್ಲಿಗೆ ಬೇಕಾದರೂ ಬರುತ್ತಿತ್ತು, ಒಳಗೆ ಮಾತ್ರ ಏನೂ ಅಲುಗುತ್ತಿರಲಿಲ್ಲ. ಪರದೆಗೆ ಬಣ್ಣ ಬಳಿಯುವುದು, ಕ್ಲಿಕ್ ಕೇಳಿಸಿಕೊಳ್ಳುವುದು ಎಲ್ಲವೂ ಇವೆಂಟ್ ಡಿಸ್ಪ್ಯಾಚ್ ಥ್ರೆಡ್ (ಥ್ರೆಡ್ ಎಂದರೆ ಪ್ರೋಗ್ರಾಮಿನೊಳಗೆ ಓಡುವ ಕೆಲಸದ ಒಂದು ಎಳೆ) ಎಂಬ ಒಂದೇ ಆಳಿನ ಕೆಲಸ, ಅದನ್ನು ಹೀಗೆ ಹಿಡಿದು ನಿಲ್ಲಿಸಬಾರದು ಎಂದು ವಿವರಿಸಿದೆ. ವಿಬಿಯ ಮೇಡಂ ಒಬ್ಬರು, "ಇಲ್ಲಿ ಡುಇವೆಂಟ್ಸ್ ಇಲ್ವಾ?" ಎಂದು, ಕೆಲಸದ ನಡುವೆಯೇ ಕ್ಲಿಕ್ಕುಗಳಿಗೂ ಗಮನ ಕೊಡಿಸುವ ವಿಬಿಯ ಆದೇಶದ ಬಗ್ಗೆ ಕೇಳಿದರು. ಇಲ್ಲ ಎಂದೆ. "ಒಳ್ಳೇದೇ ಆಯ್ತು" ಎಂದವರೇ, ಹಿಂದೆ ತಾವು ಬರೆದ ಬಡ್ಡಿ ಲೆಕ್ಕದ ಲೂಪಿನ ನಡುವೆ ಪರದೆ ಹೆಪ್ಪುಗಟ್ಟದಿರಲೆಂದು ಡುಇವೆಂಟ್ಸ್ ಹಾಕಿದ್ದನ್ನೂ, ಅದರಿಂದ ಜೀವಂತವಾಗಿ ಉಳಿದ ಬಟನ್ನನ್ನು ಗುಮಾಸ್ತರೊಬ್ಬರು ತಾಳ್ಮೆಗೆಟ್ಟು ಇನ್ನೊಮ್ಮೆ ಒತ್ತಿದ್ದನ್ನೂ, ಇಡೀ ಶಾಖೆಯ ಖಾತೆಗಳಿಗೆ ಬಡ್ಡಿ ಎರಡೆರಡು ಸಲ ಜಮೆಯಾದದ್ದನ್ನೂ ಹೇಳಿದರು. ಅಂದಿನಿಂದ ಅವರ ಪ್ರತಿ ಬಟನ್ನಿನ ಮೊದಲ ಸಾಲು ಆ ಬಟನ್ನನ್ನೇ ನಿಷ್ಕ್ರಿಯಗೊಳಿಸುವ ಸಾಲು. ಆ ಸಾಲು ಇಲ್ಲಿಯೂ ಬೇಕು ಎಂದು ಬೋರ್ಡಿನ ಮೇಲೆ ಬರೆದೆ.

ಆಮೇಲೆ ನನ್ನ 'ಸರಿಯಾದ' ಪ್ರೋಗ್ರಾಮನ್ನು ಓಡಿಸಿದೆ. ಬಟನ್ ಒತ್ತಿದೊಡನೆ ಹೊಸ ಥ್ರೆಡ್ ಶುರುವಾಗಿ, ಅದು ಸಾಲುಗಳನ್ನು ಒಂದೊಂದಾಗಿ ಟೇಬಲ್ಲಿಗೆ ಸೇರಿಸುತ್ತಾ ಹೋಗುತ್ತದೆ, ವಿಂಡೋ ಆರಾಮವಾಗಿರುತ್ತದೆ. ಕಾಲೇಜಿನವರ ಮುಂದೆ ನೂರು ಸಲ ಓಡಿಸಿದ್ದ ಪ್ರೋಗ್ರಾಮ್ ಅದು. ಈ ಸಲ ಟೇಬಲ್ ಅರ್ಧಕ್ಕೆ ಕೆದರಿ ನಿಂತು, ಕೆಳಗಿನ ಕನ್ಸೋಲಿನಲ್ಲಿ ಕೆಂಪು ಅಕ್ಷರಗಳ ಮಳೆ ಸುರಿಯಿತು: ಅರೇ ಇಂಡೆಕ್ಸ್ ಔಟ್ ಆಫ್ ಬೌಂಡ್ಸ್, ಅಂದರೆ ಪಟ್ಟಿಯಲ್ಲಿ ಇಲ್ಲದ ಜಾಗಕ್ಕೆ ಕೈಹಾಕಲಾಗಿದೆ ಎಂದು. ಇನ್ನೊಮ್ಮೆ ಓಡಿಸಿದೆ, ಸರಿಯಾಗಿ ಬಂತು. "ಬಂತಲ್ಲ ಬಿಡಿ" ಎಂದರು ಯಾರೋ. ಲ್ಯಾಪ್‌ಟಾಪಿನ ಮೇಲೆ ತಪ್ಪು ಹೊರಿಸಿ ಮುಂದಿನ ಸ್ಲೈಡಿಗೆ ಹೋಗಿಬಿಡೋಣ ಎಂದು ನನಗೂ ಅನ್ನಿಸಿತು ಎಂಬುದನ್ನು ಮುಚ್ಚಿಡಲಾರೆ.

ಸಿ ಭಾಷೆಯವರಲ್ಲಿ ಒಬ್ಬರು ಬಿಡಲಿಲ್ಲ. ವಿಂಡೋಸ್‌ನಲ್ಲಿ ಗೆಟ್‌ಮೆಸೇಜ್, ಡಿಸ್ಪ್ಯಾಚ್‌ಮೆಸೇಜ್ ಎಂದು ಕ್ಲಿಕ್ಕು, ಕೀಲಿಗಳ ಸುದ್ದಿ ಹಿಡಿದು ಹಂಚುವ ಮೆಸೇಜ್ ಲೂಪನ್ನು ಕೈಯಾರೆ ಬರೆದು ಸವೆದವರು ಅವರು. ನಾನು ಬೆಳಿಗ್ಗೆ ಹೇಳಿದ 'ಕರೆಯುವವರು' ಆ ಲೂಪಿನ ತಮ್ಮನೇ ಎಂದು ಅವರಿಗೆ ನಾನು ಹೇಳದೆಯೇ ಗೊತ್ತಾಗಿತ್ತು. "ಸರ್, ಮೇಲಕ್ಕೆ ಸ್ಕ್ರಾಲ್ ಮಾಡಿ. ಎರರ್ ಬಿದ್ದಿರೋದು ಎಡಬ್ಲ್ಯುಟಿ ಇವೆಂಟ್‌ಕ್ಯೂ ಥ್ರೆಡ್‌ನಲ್ಲಿ, ಅಂದ್ರೆ ನೀವು ಹೇಳಿದ ಆ ಒಂದೇ ಆಳಿನಲ್ಲಿ. ನೀವು ಸಾಲು ಸೇರಿಸ್ತಿರೋದು ನಿಮ್ಮ ಥ್ರೆಡ್‌ನಲ್ಲಿ. ಅದು ಚಿತ್ರ ಬರೀವಾಗ ಇದು ಕೆಳಗಿನಿಂದ ಹಾಳೆ ಎಳೀತಿದೆ" ಎಂದರು. ನಿಜವಾಗಿತ್ತು. ಹಿಂದಿನ ರಾತ್ರಿ, ಜಾವಾ 6ರಲ್ಲಿ ಹೊಸದಾಗಿ ಬಂದಿದ್ದ ಸಾಲು ವಿಂಗಡಣೆಯ ಸೌಲಭ್ಯವನ್ನು ತೋರಿಸುವ ಹುಮ್ಮಸ್ಸಿನಲ್ಲಿ ಒಂದು ಸಾಲು ಸೇರಿಸಿದ್ದೆ; ಅಲ್ಲಿಯವರೆಗೆ ಅದೃಷ್ಟದಿಂದ ಅಡಗಿದ್ದ ತಪ್ಪನ್ನು ಆ ಸಾಲು ಬಯಲಿಗೆಳೆದಿತ್ತು. ಸ್ವಿಂಗ್‌ನ ಆರಂಭದ ವರ್ಷಗಳಲ್ಲಿ, ವಿಂಡೋ ಪರದೆಗೆ ಬರುವ ಮುನ್ನ ಅದನ್ನು ಯಾವ ಥ್ರೆಡ್‌ನಿಂದ ಕಟ್ಟಿದರೂ ನಡೆಯುತ್ತದೆ ಎಂದು ಜಾವಾ ರೂಪಿಸಿದ ಸನ್ ಸಂಸ್ಥೆಯವರೇ ಹೇಳುತ್ತಿದ್ದು, ಆಮೇಲೆ ಅದನ್ನೂ ಇವೆಂಟ್ ಥ್ರೆಡ್ಡಿಗೇ ಒಪ್ಪಿಸಿ ಎಂದು ತಿದ್ದಿಕೊಂಡಿದ್ದರು. ನನ್ನದು ಅಷ್ಟು ಸೂಕ್ಷ್ಮವಾದ ತಪ್ಪೂ ಅಲ್ಲ. ಕಣ್ಣೆದುರು ತೆರೆದಿದ್ದ ಟೇಬಲ್ಲಿಗೇ ಬೇರೆ ಥ್ರೆಡ್‌ನಿಂದ ಕೈಹಾಕಿದ್ದೆ.

ತಪ್ಪೊಪ್ಪಿಕೊಂಡು ಕೀಬೋರ್ಡನ್ನು ಅವರ ಕಡೆಗೆ ಸರಿಸಿದೆ. ಮುಂದಿನ ಒಂದೂವರೆ ಗಂಟೆ ಹದಿನೈದು ಜನ ಸೇರಿ ಆ ಪ್ರೋಗ್ರಾಮನ್ನು ಸ್ವಿಂಗ್‌ವರ್ಕರ್ ಎಂಬ ಕ್ಲಾಸ್ ಬಳಸಿ ತಿದ್ದಿದೆವು: ಓದುವ ಕೆಲಸವೆಲ್ಲ ಹಿನ್ನೆಲೆಯಲ್ಲಿ, ಓದಿದ ಸಾಲುಗಳನ್ನು ಕಂತುಕಂತಾಗಿ ಇವೆಂಟ್ ಥ್ರೆಡ್ಡಿಗೆ ದಾಟಿಸುವುದು, ಮುಗಿದಾಗ ಬಟನ್ನಿಗೆ ಮತ್ತೆ ಜೀವ. ಟೇಬಲ್ಲನ್ನೇ ಗೋದಾಮಾಗಿ ಬಳಸದೆ ದತ್ತಾಂಶಕ್ಕೆ ತನ್ನದೇ ಟೇಬಲ್‌ಮಾಡೆಲ್ ಇರಲಿ ಎಂದು ಹಟ ಹಿಡಿದವರು ವಿಬಿಯ ಆ ಮೇಡಮ್ಮೇ. ನಾಲ್ಕು ಸಾವಿರ ಸಾಲುಗಳ ಒಂದೇ ಫಾರ್ಮನ್ನು ವರ್ಷಗಟ್ಟಲೆ ಹೊತ್ತು ಸಾಕಾಗಿದ್ದ ಅವರಿಗೆ ಮಾಡೆಲ್ ಬೇರೆ, ನೋಟ ಬೇರೆ ಎಂಬ ಮಾತನ್ನು ನಾನು ಎರಡನೇ ಸಲ ಹೇಳಬೇಕಾಗಲಿಲ್ಲ. ತಿದ್ದಿದ ಪ್ರೋಗ್ರಾಮನ್ನು ಸಿ ಭಾಷೆಯವರು ನಂಬದೆ ಇಪ್ಪತ್ತು ಸಲ ಓಡಿಸಿದರು. ಕ್ಯಾಬಿಗೆ ಹೊತ್ತಾಯಿತೆಂದು ಯಾರೂ ಏಳಲಿಲ್ಲ.

ನಾಲ್ಕನೇ ದಿನ ಮುದ್ರಣ, ಡೇಟಾಬೇಸ್ ಎಂದು ಹೇಗೋ ಕಳೆಯಿತು. ಐದನೇ ದಿನ ಪ್ರತಿಯೊಬ್ಬರೂ ತಾವು ಕಟ್ಟಿದ್ದನ್ನು ತೋರಿಸಬೇಕಿತ್ತು. ಹಿರಿಯರ ವಿಂಡೋ ನೋಡಲು ಅಷ್ಟೇನೂ ಚೆಂದವಿರಲಿಲ್ಲ. ಎಡಕ್ಕೆ ಶೀರ್ಷಿಕೆಗಳು, ಬಲಕ್ಕೆ ಪೆಟ್ಟಿಗೆಗಳು, ತಳದಲ್ಲಿ ಒಂದು ಸಾಲಿನ ಸಂದೇಶಪಟ್ಟಿ, ಎಂಬತ್ತು ಅಕ್ಷರಗಳ ಅಗಲದ ಹಳೆಯ ಟರ್ಮಿನಲ್ ಪರದೆಯೇ ಬಂದು ಕುಳಿತಂತಿತ್ತು. ಲೆಡ್ಜರ್ ತುಂಬುವ ಬಟನ್ ಒತ್ತಿಸಿದರು. ಸಾಲುಗಳು ಏರುತ್ತಿರುವಾಗಲೇ, "ಈಗ ಎಫ್3 ಒತ್ತಿ" ಎಂದರು. ಮೇನ್‌ಫ್ರೇಮಿನವರಿಗೆ ಆ ಕೀಲಿಯೆಂದರೆ ಹೊರಗೆ ಹೋಗುವ ಬಾಗಿಲು. ಒತ್ತಿದೆ. ವಿಂಡೋ ಮುಚ್ಚಲಿಲ್ಲ. ಓಡುತ್ತಿದ್ದ ವರ್ಕರ್ ಮೊದಲು ನಿಂತಿತು, ತಳದ ಪಟ್ಟಿಯಲ್ಲಿ '17,250 ಸಾಲುಗಳಿಗೆ ನಿಲ್ಲಿಸಲಾಗಿದೆ, ಹೊರಹೋಗಲು ಮತ್ತೆ ಎಫ್3' ಎಂದು ಮೂಡಿತು.

"ಇದನ್ನ ನಾನು ಹೇಳಿಕೊಟ್ಟಿರಲಿಲ್ಲವಲ್ಲ ಸರ್" ಎಂದೆ.

"ಇದನ್ನ ನೀವು ಹೇಳಿಕೊಡಬೇಕಾ ಮೇಷ್ಟ್ರೇ" ಎಂದು ಅವರೇ ಇನ್ನೊಮ್ಮೆ ಎಫ್3 ಒತ್ತಿದರು.